ಪೂತಿಯೂ ಸಂಧಾನವೂ: ಮತ್ಸ್ಯಶೇಷದ ವಿನಿಯೋಗವನ್ನು ಕುರಿತು ಒಂದು ಚಾರಿತ್ರಿಕ ವಿಚಾರ

ಸಿಗಡಿ, ಏಡಿ, ಮೀನು ಮೊದಲಾದ ಜಲಚರಗಳನ್ನು ಅಡಿಗೆಗೂ ರಫ್ತಿಗೂ ಹಸನುಮಾಡುವಾಗ ತಲೆ, ಚಿಪ್ಪು, ಕರುಳು ಎಂದು ಉಳಿಯುವ ಶೇಷವು ಅಲ್ಪವಲ್ಲ. ಸಿಗಡಿಯಲ್ಲಿ ಅದು ಒಟ್ಟು ತೂಕದ ಸುಮಾರು ಅರ್ಧದಷ್ಟಾಗುತ್ತದೆ. ಈ ಶೇಷವನ್ನು ಸೂಕ್ಷ್ಮಜೀವಿಗಳಿಂದ ಹುಳಿಬರಿಸಿ, ಅದರಲ್ಲಡಗಿರುವ ಎಣ್ಣೆ, ಬಣ್ಣ, ಸಸಾರಜನಕ, ಕೈಟಿನ್ ಎಂಬ ದ್ರವ್ಯಗಳನ್ನು ಬೇರೆಬೇರೆಯಾಗಿ ಪಡೆಯುವ ಕ್ರಮವೊಂದು ಕಳೆದ ಮೂರು ದಶಕಗಳಲ್ಲಿ ನಾನಾ ದೇಶಗಳ ಪ್ರಯೋಗಶಾಲೆಗಳಲ್ಲಿ ಬೆಳೆದು ಬಂದಿದೆ. ನಮ್ಮ ಮೈಸೂರಿನಲ್ಲಿಯೂ ಅದರ ಪರಿಶೋಧನೆ ನಡೆದಿರುವುದು ಸಂತೋಷದ ವಿಷಯ. ಆದರೆ ಈ ಸಂಗತಿಯನ್ನು ಕೇಳಿದೊಡನೆಯೇ ಸಂಸ್ಕೃತಜ್ಞರಲ್ಲಿ ಕೆಲವರು “ಇದು ನಮ್ಮ ಪೂರ್ವಿಕರ ಕುಣಪಜಲವೇ ಅಲ್ಲವೇ? ಸಾವಿರ ವರ್ಷಗಳ ಹಿಂದೆಯೇ ಹೇಳಿದ್ದನ್ನು ಇವರು ಈಗ ಕಂಡುಕೊಂಡರು” ಎಂದು ಬಿಡುತ್ತಾರೆ. ಇನ್ನು ಕೆಲವರು, ಇದೆಲ್ಲ ಪಾಶ್ಚಾತ್ಯರ ವಿದ್ಯೆ, ನಮ್ಮ ಗ್ರಂಥಗಳಿಗೂ ಇದಕ್ಕೂ ಸಂಬಂಧವೇ ಇಲ್ಲವೆಂದು ಮುಖ ತಿರುಗಿಸುತ್ತಾರೆ. ಎರಡು ಪಕ್ಷದವರೂ ಗ್ರಂಥಗಳನ್ನು ಬಿಚ್ಚಿ ನೋಡಿದಂತೆ ತೋರುವುದಿಲ್ಲ.

ಇದು ಬರಿಯ ಪಂಡಿತರ ವಾಗ್ವಾದವಾಗಿದ್ದರೆ ಬಿಟ್ಟುಬಿಡಬಹುದಾಗಿತ್ತು. ಕುಣಪಜಲವನ್ನು ತೋಟಗದ್ದೆಗಳಿಗೆ ಎರೆಯಬೇಕೆಂಬ ಉಪದೇಶವು ಈಚಿನ ವರ್ಷಗಳಲ್ಲಿ ಎಲ್ಲೆಡೆಯೂ ಕೇಳಿಬರುತ್ತಿದೆ. ಕೊಳೆತದ್ದೂ ಹುಳಿತದ್ದೂ ಒಂದೇ ಎಂದು ನಂಬಿದ ಕೃಷಿಕನು ಮೀನಿನ ಕರುಳನ್ನು ಕೊಡದಲ್ಲಿ ಮುಚ್ಚಿಟ್ಟು, ಹದಿನೈದು ದಿವಸದ ಮೇಲೆ ಅದನ್ನು ಬರಿಗೈಯಿಂದ ಕಲಕುವನು. ಆದುದರಿಂದ ಈ ಸಮೀಕರಣ ಎಷ್ಟರಮಟ್ಟಿಗೆ ನಿಜವೆಂಬುದನ್ನು ಪರೀಕ್ಷಿಸುವುದು ಅವಶ್ಯ.

ಪರೀಕ್ಷೆಗೆ ಸೊರಬದ ಸೀಮೆಯ ಆನವಟ್ಟಿಯನ್ನು ನೆಲೆಯಾಗಿ ಇಟ್ಟುಕೊಳ್ಳುತ್ತೇವೆ. ಸಮುದ್ರವಿಲ್ಲದ ಊರಿಗೂ ಸಮುದ್ರದ ಮೀನಿನ ಶೇಷಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಆನವಟ್ಟಿಯು ಶಿರಾಳಕೊಪ್ಪದಿಂದ ಹಾನಗಲ್ಲಿಗೆ ಹೋಗುವ ದಾರಿಯಲ್ಲಿ, ಮಲೆನಾಡು ಮುಗಿದು ಬಯಲು ತೊಡಗುವ ಅಂಚಿನಲ್ಲಿದೆ. ಹತ್ತಿರದಲ್ಲಿಯೇ ಶಾಸನಗಳ ಕುಪ್ಪಟೂರು, ಎಂದರೆ ಇಂದಿನ ಕುಬಟೂರು. ಅಲ್ಲಿಯ ಕೈಟಭೇಶ್ವರ ದೇವಾಲಯವು ಪ್ರಸಿದ್ಧವಾದುದು. ದಕ್ಷಿಣದಲ್ಲಿ ಶಿಕಾರಿಪುರದ ಸೀಮೆಯ ಬಳ್ಳಿಗಾವೆ, ಪಶ್ಚಿಮದಲ್ಲಿ ವರದೆಯ ತಡಿಯ ಬನವಾಸಿ. ರೈಸ್ ಸಾಹೇಬರು 1902ರಲ್ಲಿಯೂ 1904ರಲ್ಲಿಯೂ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಕದ ಏಳನೆಯ ಮತ್ತು ಎಂಟನೆಯ ಸಂಪುಟಗಳನ್ನು ತಿರುವಿದವರಿಗೆ ಈ ನೆಲವು ಎಷ್ಟು ವಿದ್ಯಾಸಂಪನ್ನವಾಗಿತ್ತೆಂಬುದನ್ನು ಹೇಳಬೇಕಾಗಿಲ್ಲ. ಬಳ್ಳಿಗಾವೆಯ ಕೋಡಿಯಮಠವನ್ನು ವರ್ಣಿಸುವ 1162ರ ಶಾಸನವು ವೇದ, ವ್ಯಾಕರಣ, ದರ್ಶನಗಳ ಅಧ್ಯಯನದ ಜೊತೆಗೆ ದೀನರಿಗೆ ಅನ್ನವೂ ರೋಗಿಗಳಿಗೆ ಚಿಕಿತ್ಸೆಯೂ ಅಲ್ಲಿ ದೊರೆಯುತ್ತಿದ್ದುವೆಂದು ಹೇಳುತ್ತದೆ. ಶಾಸ್ತ್ರವೂ ಲೋಕವ್ಯವಹಾರವೂ ಒಂದೇ ಚಾವಡಿಯಲ್ಲಿ ಕುಳಿತಿದ್ದ ಕಾಲ ಅದು.

ಆ ಕಾಲದ ಬುದ್ಧಿಗೆ ಕನ್ನಡದಲ್ಲಿ ಒಂದು ಸಾಕ್ಷಿ ಉಳಿದಿದೆ. ಬನವಾಸಿ ಪನ್ನಿರ್ಚ್ಛಾಸಿರವನ್ನು ಆಳಿದ ಕಲ್ಯಾಣದ ಚಾಳುಕ್ಯರಲ್ಲಿ ಇಮ್ಮಡಿ ಜಯಸಿಂಹನ ಕಾಲದ ಚಾವುಂಡರಾಯನು (ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನು ಬೇರೆ) ಸುಮಾರು 1025ರಲ್ಲಿ ಲೋಕೋಪಕಾರವೆಂಬ ಗ್ರಂಥವನ್ನು ರಚಿಸಿದನು. ಹೆಸರೇ ಹೇಳುವಂತೆ ಅದು ಲೋಕಕ್ಕೆ ಬೇಕಾದ ವಿದ್ಯೆಗಳ ಕೋಶ: ಜ್ಯೋತಿಷ, ವಾಸ್ತು, ಅಂತರ್ಜಲ, ವೃಕ್ಷಾಯುರ್ವೇದ, ಸುಗಂಧದ್ರವ್ಯ, ಸೂಪಶಾಸ್ತ್ರ, ವೈದ್ಯ. ಇದೇ ಪ್ರಾಂತದ ಕೆಳದಿಯ ಬಸವಪ್ಪನಾಯಕನು ಹದಿನೆಂಟನೆಯ ಶತಮಾನದ ಆದಿಯಲ್ಲಿ ಸಂಸ್ಕೃತದಲ್ಲಿ ಬರೆದ ಶಿವತತ್ತ್ವರತ್ನಾಕರವೂ ಅದೇ ಜಾತಿಯದು. ಅದರಲ್ಲಿಯೂ ವೃಕ್ಷಾಯುರ್ವೇದಕ್ಕೆ ಎಡೆಯುಂಟು. ಅಂದಮೇಲೆ ಏಳು ಶತಮಾನಗಳ ಕಾಲ ಈ ನೆಲದ ಅರಸರೂ ಪಂಡಿತರೂ ಮರಗಿಡಗಳ ಪೋಷಣೆಯನ್ನು ಶಾಸ್ತ್ರವೆಂದೇ ಎಣಿಸಿ ಬರೆದಿರುವರು. ಕುಣಪಜಲದ ಪ್ರಶ್ನೆಯನ್ನು ಕೇಳುವುದಕ್ಕೆ ಇದಕ್ಕಿಂತ ತಕ್ಕ ನೆಲ ಬೇರೆ ಯಾವುದು?

ಇನ್ನು ಗ್ರಂಥಗಳನ್ನು ನೋಡೋಣ. ಮೀನನ್ನು ಗಿಡಕ್ಕೆ ಹಾಕುವ ವಿಧಿಯು ಬಹಳ ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಇಪ್ಪತ್ತನಾಲ್ಕನೆಯದು ಸೀತಾಧ್ಯಕ್ಷನ, ಎಂದರೆ ಬೇಸಾಯದ ಅಧಿಕಾರಿಯ, ಅಧ್ಯಾಯ. ಬೀಜಸಂಸ್ಕಾರವನ್ನು ಹೇಳಿದ ಮೇಲೆ ಅಲ್ಲಿ ಮೊಳೆತ ಸಸಿಗಳಿಗೆ ಒಣಗದ ಮೀನನ್ನು ಕಳ್ಳಿಯ ಹಾಲಿನೊಡನೆ ಕೊಡಬೇಕೆಂದು ವಿಧಿಸಿದೆ. ಈ ಗ್ರಂಥದ ಓಲೆಯ ಪ್ರತಿಯನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ತಮ್ಮ ಭಾಷಾಂತರದಲ್ಲಿ ಈ ಮಾತಿಗೆ ಆಗತಾನೆ ಹಿಡಿದ ಸಣ್ಣ ಮೀನು ಎಂದು ಅರ್ಥಮಾಡಿರುವರು. ನಮಗೆ ಮುಖ್ಯವಾದುದು ಇಷ್ಟೇ: ಕೌಟಿಲ್ಯನ ಮೀನು ಹಸಿಯದು. ಅದನ್ನು ಕೊಳೆಹಾಕಬೇಕೆಂದಾಗಲಿ ಹುಳಿಬರಿಸಬೇಕೆಂದಾಗಲಿ ಅವನು ಹೇಳುವುದಿಲ್ಲ. ಅವನನ್ನು ಈ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ಸರಿಯಲ್ಲ.

ಆರನೆಯ ಶತಮಾನದ ವರಾಹಮಿಹಿರನು ಒಂದು ಹೆಜ್ಜೆ ಮುಂದೆ ಹೋಗಿರುವನು. ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ ಆಡುಕುರಿಗಳ ಗೊಬ್ಬರ, ಎಳ್ಳು, ಹುರಿದ ಜವೆಯ ಹಿಟ್ಟು, ಮಾಂಸ ಇವುಗಳನ್ನು ನೀರಿನಲ್ಲಿ ಕಲಸಿ ಏಳು ರಾತ್ರಿ ಇಟ್ಟು ಅನಂತರ ಮರಬಳ್ಳಿಗಳಿಗೆ ಎರೆಯಬೇಕೆಂದಿದೆ. ಇಲ್ಲಿ ಕಾಲವನ್ನು ಹೇಳಿರುವುದನ್ನು ಗಮನಿಸಬೇಕು. ಏಳು ರಾತ್ರಿಗಳಲ್ಲಿ ಕೊಡದೊಳಗೆ ಏನೋ ಆಗುತ್ತದೆ, ಆ ಆದುದರಿಂದಲೇ ಗಿಡಕ್ಕೆ ಪ್ರಯೋಜನವೆಂಬ ಅರಿವು ಈ ವಿಧಿಯಲ್ಲಿದೆ. ಆದರೆ ಹುಣಿಸೆಯ ಬೀಜಕ್ಕೆ ಹೇಳುವ ಸಂಸ್ಕಾರದಲ್ಲಿ ಅವನು ಸೇರಿಸುವುದು ಸ್ಪಷ್ಟವಾಗಿ ಪೂತಿಮಾಂಸ, ಎಂದರೆ ಕೊಳೆತು ನಾರುವ ಮಾಂಸ.

ಕುಣಪಜಲವೆಂಬ ಹೆಸರಿನ ಪೂರ್ಣವಾದ ವಿಧಿಯು ಸುರಪಾಲನ ವೃಕ್ಷಾಯುರ್ವೇದದಲ್ಲಿದೆ. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದ್ದ ಹಸ್ತಪ್ರತಿಯನ್ನು ತರಿಸಿ, ನಳಿನಿ ಸಾಧಲೆಯವರ ಭಾಷಾಂತರದೊಡನೆ 1996ರಲ್ಲಿ ಸಿಕಂದರಾಬಾದಿನಲ್ಲಿ ಪ್ರಕಟಿಸಿದ ಮೇಲೆಯೇ ಈ ಗ್ರಂಥವು ಬಹುಜನರ ಕೈಗೆ ಬಂದುದು. ಈಗಿನ ಕುಣಪಜಲದ ಪ್ರಚಾರಕ್ಕೂ ಅದೇ ಮೂಲವೆನ್ನಬಹುದು. ಹದಿನಾಲ್ಕನೆಯ ಶತಮಾನದ ಶಾರ್ಙ್ಗಧರಪದ್ಧತಿಯ ಉಪವನವಿನೋದ ಭಾಗದಲ್ಲಿಯೂ ಇದೇ ಬಗೆಯ ಪಾಠವಿದೆ. ವಿಧಿಯ ಸಾರವಿದು: ಮೀನು, ಆಡು, ಕುರಿ ಮೊದಲಾದವುಗಳ ಮಾಂಸ, ಮೇದಸ್ಸು, ಮಜ್ಜೆಗಳಲ್ಲಿ ದೊರೆತುದನ್ನು ನೀರಿನಲ್ಲಿ ಬೇಯಿಸುವುದು, ಎಣ್ಣೆಯ ಪಸೆಯುಳ್ಳ ಮಡಕೆಗೆ ಹಾಕುವುದು, ಎಳ್ಳಿನ ಹಿಂಡಿ, ಜೇನು, ನೆನೆದ ಉದ್ದು, ತುಪ್ಪ ಇವುಗಳನ್ನು ಸೇರಿಸುವುದು, ಬೆಚ್ಚಗಿನ ಎಡೆಯಲ್ಲಿ ಒಂದು ಪಕ್ಷದ ಕಾಲ ಇಡುವುದು. ಪ್ರಮಾಣಕ್ಕೆ ನಿಯಮವಿಲ್ಲ. ಕುಣಪವೆಂದರೆ ಹೆಣ. ಹೆಸರಿಟ್ಟವರು ಮೂಗಿದ್ದವರೇ ಆಗಿರಬೇಕು.

ಇದು ಪೂತಿಯ ಕಥೆ. ಇದರ ಜೊತೆಜೊತೆಗೆ, ಆದರೆ ಇದನ್ನು ಎಂದೂ ಮುಟ್ಟದೆ, ಇನ್ನೊಂದು ಪರಂಪರೆ ನಡೆದು ಬಂದಿದೆ. ವೈದ್ಯರು ಅದನ್ನು ಸಂಧಾನವೆನ್ನುತ್ತಾರೆ. ಆಸವ, ಅರಿಷ್ಟ, ಕಾಂಜಿಕ, ಶುಕ್ತ ಎಲ್ಲವೂ ಸಂಧಾನದ ಮಕ್ಕಳು. ಚರಕಸಂಹಿತೆಯ ಸೂತ್ರಸ್ಥಾನದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಎಂಬತ್ತನಾಲ್ಕು ಆಸವಗಳನ್ನೂ ಅವುಗಳಿಗೆ ಒಂಬತ್ತು ಯೋನಿಗಳನ್ನೂ ಎಣಿಸಿದೆ. ಧಾನ್ಯ, ಫಲ, ಮೂಲ, ಸಾರ, ಪುಷ್ಪ, ಕಾಂಡ, ಪತ್ರ, ತ್ವಕ್ಕು, ಶರ್ಕರೆ. ಮಾಂಸರಸವನ್ನು ಪಥ್ಯವೆಂದು ಧಾರಾಳವಾಗಿ ವಿಧಿಸುವ ಆಚಾರ್ಯನೇ ಆಸವಯೋನಿಗಳಲ್ಲಿ ಮಾಂಸವನ್ನಾಗಲಿ ಮತ್ಸ್ಯವನ್ನಾಗಲಿ ಎಣಿಸಲಿಲ್ಲ. ಇದು ಮಡಿಮೈಲಿಗೆಯ ಭಾವನೆಯಿಂದ ಆದುದಲ್ಲವೆಂಬುದು ಇದರಿಂದಲೇ ಸ್ಪಷ್ಟ. ಹಾಗಾದರೆ ಕಾರಣವೇನು? ಅದಕ್ಕೆ ಮುಂದೆ ಬರುತ್ತೇವೆ.

ಕೌಟಿಲ್ಯನಲ್ಲಿ ಸೀತಾಧ್ಯಕ್ಷನ ಅಧ್ಯಾಯ ಮುಗಿದ ಕೂಡಲೇ ಬರುವುದು ಸುರಾಧ್ಯಕ್ಷನ ಅಧ್ಯಾಯ, ಇಪ್ಪತ್ತೈದನೆಯದು. ಅಲ್ಲಿ ಉದ್ದಿನ ಹಿಟ್ಟು, ಅಕ್ಕಿ, ಕೆಲವು ಮೂಲಿಕೆಗಳು ಇವುಗಳಿಂದ ಕಿಣ್ವವನ್ನು ಕಟ್ಟುವ ಕ್ರಮವಿದೆ. ಆ ಕಿಣ್ವವನ್ನು ಬೇರೆಯ ಪಿಷ್ಟಕ್ಕೆ ಬೆರೆಸಿದರೆ ಅದು ಹುದುಗುತ್ತದೆ. ಮೀನನ್ನು ಗಿಡಕ್ಕೆ ಹಾಕುವ ಅಧ್ಯಾಯಕ್ಕೂ ಕಿಣ್ವವನ್ನು ಕಟ್ಟುವ ಅಧ್ಯಾಯಕ್ಕೂ ನಡುವೆ ಒಂದು ಓಲೆಯ ಅಂತರವೂ ಇಲ್ಲ. ಆದರೆ ಇದರಲ್ಲಿಯ ಕಿಣ್ವವು ಅದರಲ್ಲಿಯ ಮೀನನ್ನು ಕಾಣಲೇ ಇಲ್ಲ. ಲೋಕೋಪಕಾರದಲ್ಲಿಯೂ ಇದೇ ಸ್ಥಿತಿ. ಸೂಪಶಾಸ್ತ್ರದ ಭಾಗದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಯಿಸಿ, ನುಣ್ಣಗೆ ಅರೆದು, ಮೊಸರಿನ ತಿಳಿಯಲ್ಲಿ ಕಲಸುವ ಪಾಕವನ್ನು ಹೇಳಿದೆ. ನಮ್ಮ ಇಡ್ಡಲಿಗೆಯ ಚರಿತ್ರೆಯನ್ನು ಬರೆಯುವವರೆಲ್ಲ ಇದನ್ನು ಉದಾಹರಿಸುತ್ತಾರೆ. ಹುಳಿಯನ್ನು ಬೇಕೆಂದು ತಂದು, ಬೇಕಾದಷ್ಟಕ್ಕೆ ನಿಲ್ಲಿಸುವ ವಿದ್ಯೆಯು ಬನವಾಸಿನಾಡಿನ ಅಡಿಗೆಮನೆಗೆ ಚೆನ್ನಾಗಿ ಗೊತ್ತಿತ್ತು. ಅದೇ ಗ್ರಂಥದ ವೃಕ್ಷಾಯುರ್ವೇದವು ಬೇರೊಂದು ಪ್ರಕರಣ. ಅಡಿಗೆಮನೆಯ ಹುಳಿ ಹಿತ್ತಿಲಿನ ಗಿಡದ ವಿದ್ಯೆಗೆ ದಾಟಲಿಲ್ಲ.

ಗ್ರಂಥವನ್ನು ಬಿಟ್ಟು ಆಚಾರವನ್ನು ನೋಡಿದರೆ ಮತ್ತೊಂದು ಸಂಗತಿ ತಿಳಿಯಬರುತ್ತದೆ. 1801ರಲ್ಲಿ ಬನವಾಸಿ, ಚಂದ್ರಗುತ್ತಿಗಳ ಮಾರ್ಗವಾಗಿ ಸಂಚರಿಸಿ 1807ರಲ್ಲಿ ತನ್ನ ಪ್ರವಾಸದ ವೃತ್ತಾಂತವನ್ನು ಪ್ರಕಟಿಸಿದ ಬುಕಾನನ್ನನು ಈ ಕಡೆಯ ಅಡಕೆ ತೋಟಗಳ ಗೊಬ್ಬರವನ್ನು ವಿವರಿಸುವಾಗ ಹೇಳುವುದು ಸೊಪ್ಪು ಮತ್ತು ಸಗಣಿ. ಇಂದಿಗೂ ಮಲೆನಾಡಿನ ತೋಟಿಗರ ಬಾಯಲ್ಲಿ ಸೊಪ್ಪಿನಬೆಟ್ಟವೆಂಬ ಮಾತಿದೆ, ಕುಣಪವೆಂಬ ಮಾತಿಲ್ಲ. ಸೊರಬದ ಸೀಮೆಯು ಕೆರೆಗಳ ಸೀಮೆ. ಕೆರೆಯಲ್ಲಿ ಮೀನೂ ಉಂಟು, ಮೀನು ಹಿಡಿಯುವ ಜನರೂ ಉಂಟು. ಹಾಗಿದ್ದರೂ ಮೀನು ತೋಟದ ಗೊಬ್ಬರದ ಮಾತಿನಲ್ಲಿ ಸೇರಲಿಲ್ಲ. ಚಾವುಂಡರಾಯನೂ ಬಸವಪ್ಪನಾಯಕನೂ ಅರಸರ ಉಪವನವನ್ನು ಮನಸ್ಸಿನಲ್ಲಿಟ್ಟು ಬರೆದಿರಬೇಕು. ರೈತನ ತೋಟವು ತನ್ನ ಪಾಡಿಗೆ ತಾನು ಸೊಪ್ಪನ್ನು ನಂಬಿ ನಡೆಯಿತು. ಪೂರ್ವಿಕರು ಹೀಗೆ ಮಾಡುತ್ತಿದ್ದರೆಂದು ಹೇಳುವಾಗ ಪೂರ್ವಿಕರಲ್ಲಿ ಯಾರು ಎಂಬುದನ್ನೂ ಹೇಳಬೇಕಾಗುತ್ತದೆ.

ಮೀನಿನ ಶೇಷದಿಂದ ನಿಜವಾಗಿ ದ್ರವ್ಯವನ್ನು ಪಡೆದ ಜನರನ್ನು ಕಾಣಬೇಕಾದರೆ ಘಟ್ಟವನ್ನು ಇಳಿಯಬೇಕು. ಕರಾವಳಿಯಲ್ಲಿ ತೆಂಗಿನ ಮರಕ್ಕೆ ಬೂತಾಯಿ ಮೀನನ್ನು ಹಾಕುವುದು ಹಳೆಯ ವಾಡಿಕೆ. ಬೂತಾಯಿಯ ಮೈತುಂಬ ಎಣ್ಣೆ. ಆ ಎಣ್ಣೆಯನ್ನು ತೆಗೆಯಲು ಪಶ್ಚಿಮ ಸಮುದ್ರತೀರದಲ್ಲಿ ಹಿಂದೆ ಇದ್ದ ಉಪಾಯವು ಬಹು ಸರಳ: ಹಳೆಯ ದೋಣಿಯಲ್ಲಿಯೋ ತೊಟ್ಟಿಯಲ್ಲಿಯೋ ಮೀನನ್ನು ತುಂಬಿ ಬಿಸಿಲಿನಲ್ಲಿ ಬಿಡುವುದು. ಕೆಲವು ದಿವಸಗಳಲ್ಲಿ ಮೀನು ಕೊಳೆತು ಕರಗಿ ಎಣ್ಣೆಯು ಮೇಲೆ ತೇಲುತ್ತದೆ. ಆ ಎಣ್ಣೆ ಕಪ್ಪಗೆ, ದುರ್ಗಂಧವಾಗಿ ಇರುತ್ತಿತ್ತು, ಬೆಲೆಯೂ ಕಡಿಮೆ. ಆದರೂ ವಿಚಾರದ ದೃಷ್ಟಿಯಿಂದ ಇದು ಕುಣಪಜಲಕ್ಕಿಂತ ಹೆಚ್ಚು ಗಮನಾರ್ಹವೆಂದು ನಮಗೆ ತೋರುತ್ತದೆ. ಕುಣಪದಲ್ಲಿ ಎಲ್ಲವೂ ಒಟ್ಟಿಗೆ ಕಲೆತು ನೆಲಕ್ಕೆ ಹೋಗುತ್ತದೆ. ದೋಣಿಯಲ್ಲಿ ಒಂದು ದ್ರವ್ಯವು ಇನ್ನೊಂದರಿಂದ ಬೇರ್ಪಟ್ಟು ಕೈಗೆ ಬರುತ್ತದೆ. ಶೇಷದಿಂದ ಸಾರವನ್ನು ವಿಂಗಡಿಸಿ ತೆಗೆಯುವುದಕ್ಕೆ ಸೂಕ್ಷ್ಮಜೀವಿಗಳನ್ನು, ತಿಳಿಯದೆಯೇ ಆದರೂ, ದುಡಿಸಿಕೊಂಡವರು ಈ ಅನಾಮಧೇಯರಾದ ಮೊಗವೀರರೂ ಅವರ ನೆರೆಹೊರೆಯವರೂ. ಅವರಿಗೆ ಶ್ಲೋಕವಿಲ್ಲದುದರಿಂದ ಹೆಸರೂ ಇಲ್ಲ.

ಈ ಕ್ರಮವನ್ನು ಬದಲಾಯಿಸಿದವರು ಸರ್ ಫ್ರೆಡರಿಕ್ ನಿಕೋಲ್ಸನ್. ಮದರಾಸು ಸರ್ಕಾರಕ್ಕಾಗಿ 1905ರಿಂದ ಮೀನುಗಾರಿಕೆಯ ವಿಚಾರಣೆಯನ್ನು ಕೈಗೊಂಡ ಇವರು, ಮೀನು ಹಸಿಯಾಗಿರುವಾಗಲೇ ಬೇಯಿಸಿ ಹಿಂಡಿದರೆ ಎಣ್ಣೆಯೂ ಶುದ್ಧವಾಗುವುದು, ಉಳಿದ ಹಿಂಡಿಯೂ ಒಳ್ಳೆಯ ಗೊಬ್ಬರವಾಗುವುದೆಂದು ತೋರಿಸಿಕೊಟ್ಟರು. ಕೆಲವೇ ವರ್ಷಗಳಲ್ಲಿ ಮಲಬಾರಿನಲ್ಲಿಯೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೂ ಮೀನೆಣ್ಣೆಯ ಚಿಕ್ಕ ಚಿಕ್ಕ ಕಾರ್ಖಾನೆಗಳು ಎದ್ದುವು. ಇಲ್ಲಿ ಪೂತಿಯನ್ನು ಬೆಂಕಿಯಿಂದ ಹೊರಗಟ್ಟಿದರು. ಉಲ್ಲಾಳ ಮೊದಲಾದ ಕಡೆ ಆಮೇಲೆ ಬಂದ ದೊಡ್ಡ ಮೀನುಹಿಟ್ಟಿನ ಕಾರ್ಖಾನೆಗಳೂ ಬೇಯಿಸುವ ಮಾರ್ಗದವೇ. ಸೂಕ್ಷ್ಮಜೀವಿಗಳಿಗೆ ಅಲ್ಲಿ ಕೆಲಸವಿಲ್ಲ.

ಅದೇ ಕಡಲ ತೀರದಲ್ಲಿ ಹುಳಿಯ ಮಾರ್ಗವೂ ಒಂದಿತ್ತು. ಕೊಲಂಬೋ ಕ್ರಮವೆಂದು ಪ್ರಸಿದ್ಧವಾದ ಅದರಲ್ಲಿ ಬಂಗಡೆಯ ಕರುಳನ್ನು ತೆಗೆದು, ಉಪ್ಪನ್ನೂ ಉಪ್ಪಾಗೆಯ ಜಾತಿಯ ಹುಳಿಯ ಸಿಪ್ಪೆಯನ್ನೂ ಸೇರಿಸಿ ತೊಟ್ಟಿಯಲ್ಲಿ ಒತ್ತಿ, ಆಮೇಲೆ ಪೀಪಾಯಿಗಳಲ್ಲಿ ತುಂಬಿ ಸಿಂಹಳಕ್ಕೆ ಕಳುಹಿಸುತ್ತಿದ್ದರು. ಉಪ್ಪಾಗೆಯು ನಮ್ಮ ಮಲೆನಾಡಿನ ಕಾಡಿನ ಮರ. ಹುಳಿಯಿದ್ದರೆ ಮೀನು ಕೊಳೆಯದೆಂಬ ಅನುಭವವನ್ನು ಈ ವ್ಯಾಪಾರಿಗಳು ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಗಮನಿಸಬೇಕು: ಅವರು ಹುಳಿಹಾಕಿದುದು ಮೀನಿಗೆ, ಕರುಳಿಗಲ್ಲ. ಕರುಳು ಹೊರಕ್ಕೆ ಹೋಯಿತು. ಕರುಳನ್ನೇ ಪಾತ್ರೆಗೆ ಹಾಕಿ ಉಪ್ಪಿನಲ್ಲಿ ಕರಗಿಸಿ ಬೆಲೆಬಾಳುವ ರಸವನ್ನು ತೆಗೆದವರು ಪ್ರಾಚೀನ ರೋಮಿನವರು. ಗಾರುಮ್ ಎಂಬ ಆ ವ್ಯಂಜನಕ್ಕೆ ಮೆಡಿಟರೇನಿಯನ್ ತೀರದಲ್ಲೆಲ್ಲ ತೊಟ್ಟಿಗಳಿದ್ದುವು. ನಮ್ಮಲ್ಲಿ ಅಂಥದು ಹುಟ್ಟಲಿಲ್ಲ.

ಈಗ ಸಿಗಡಿಯ ಚಿಪ್ಪಿಗೆ ಬರೋಣ. ಇದು ಹೊಸ ಕಾಲದ ಶೇಷ. ಸಿಗಡಿಯನ್ನು ಇಡಿಯಾಗಿ ಒಣಗಿಸಿ ಮಾರುತ್ತಿದ್ದಾಗ ಚಿಪ್ಪಿನ ಪ್ರಶ್ನೆಯೇ ಇರಲಿಲ್ಲ. 1950ರ ದಶಕದಲ್ಲಿ ಪಶ್ಚಿಮ ತೀರದಿಂದ ಹಿಮಗಟ್ಟಿಸಿದ ಸಿಗಡಿಯ ರಫ್ತು ತೊಡಗಿ, ತಲೆಯನ್ನೂ ಚಿಪ್ಪನ್ನೂ ಇಲ್ಲಿಯೇ ಕಳೆದು ಮಾಂಸವನ್ನು ಮಾತ್ರ ಹೊರದೇಶಕ್ಕೆ ಕಳುಹಿಸುವ ಪದ್ಧತಿ ಬಂದ ಮೇಲೆ, ಲಾಭವು ಹಡಗನ್ನೇರಿತು, ರಾಶಿಯು ದಡದಲ್ಲಿ ಉಳಿಯಿತು. ಆ ಚಿಪ್ಪಿನಲ್ಲಿ ಮುಖ್ಯವಾಗಿ ಮೂರು ಪದಾರ್ಥಗಳಿವೆ: ಸಸಾರಜನಕ, ಸುಣ್ಣದ ಕಾರ್ಬನೇಟು, ಕೈಟಿನ್; ಸ್ವಲ್ಪ ಮಟ್ಟಿಗೆ ಅಸ್ಟಾಕ್ಸಾಂಥಿನ್ ಎಂಬ ಕೆಂಬಣ್ಣ. ಕೈಟಿನ್ ಎಂಬುದು ಫ್ರೆಂಚರ ಶೋಧನೆ. ಬ್ರಾಕೊನೊ ಎಂಬವನು 1811ರಲ್ಲಿ ಅದನ್ನು ಅಣಬೆಗಳಲ್ಲಿ ಕಂಡನು. 1823ರಲ್ಲಿ ಓದಿಯೆ ಎಂಬವನು ಕೀಟಗಳ ಕವಚದಲ್ಲಿ ಅದೇ ಬಗೆಯ ವಸ್ತುವನ್ನು ಕಂಡು ಆ ಹೆಸರನ್ನಿಟ್ಟನು. 1859ರಲ್ಲಿ ರೂಜೆ ಎಂಬವನು ಅದನ್ನು ಕ್ಷಾರದಲ್ಲಿ ಕುದಿಸಿ, ಈಗ ಕೈಟೊಸಾನ್ ಎನ್ನಿಸಿಕೊಂಡಿರುವ ರೂಪಕ್ಕೆ ತಂದನು. ಗಾಯದ ಪಟ್ಟಿ, ನೀರಿನ ಶೋಧನೆ, ಔಷಧ ಇವುಗಳಲ್ಲಿ ಅದಕ್ಕೆ ಉಪಯೋಗವಿದೆ.

ರೂಢಿಯ ಕ್ರಮದಲ್ಲಿ ಸುಣ್ಣವನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದಲೂ ಸಸಾರಜನಕವನ್ನು ಕಾಸ್ಟಿಕ್ ಸೋಡದಿಂದಲೂ ಕಳೆದು ಕೈಟಿನ್ನನ್ನು ಉಳಿಸಿಕೊಳ್ಳುತ್ತಾರೆ. ಕೈಟಿನ್ ಸಿಗುತ್ತದೆ, ಸಸಾರಜನಕವು ಹಾಳು, ಬಣ್ಣವು ಹಾಳು, ಉಗ್ರವಾದ ನೀರು ಹಳ್ಳದ ಪಾಲು. ಇದಕ್ಕೆ ಬದಲಾಗಿ ಹುಳಿಯನ್ನೇ ಆಮ್ಲವಾಗಿ ಬಳಸಬಹುದೆಂಬುದನ್ನು 1990ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಹಾಲ್ ಮೊದಲಾದವರು ಪರೀಕ್ಷಿಸಿದರು. ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯದ ಎನ್. ಭಾಸ್ಕರ್, ಪಿ. ವಿ. ಸುರೇಶ್, ಎನ್. ಎಂ. ಸಚೀಂದ್ರ ಮೊದಲಾದವರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಸಿಗಡಿಯ ಶೇಷಕ್ಕೆ ಸಕ್ಕರೆಯನ್ನೂ ಪೀಡಿಯೋಕಾಕಸ್ ಆಸಿಡಿಲ್ಯಾಕ್ಟಿಸಿ ಎಂಬ ಜೀವಿಯನ್ನೂ ಸೇರಿಸಿ, ಬೆಚ್ಚಗೆ ಇಟ್ಟು ಹುಳಿಬರಿಸಿದರು. ನಡೆಯುವ ಕ್ರಿಯೆಯು ಹೀಗೆ: ಜೀವಿಯು ಸಕ್ಕರೆಯನ್ನು ತಿಂದು ಮೊಸರಿನ ಆಮ್ಲವನ್ನು ಹೊರಗೆಡಹುತ್ತದೆ. ಆ ಆಮ್ಲವು ಚಿಪ್ಪಿನ ಸುಣ್ಣವನ್ನು ಕರಗಿಸುತ್ತದೆ. ಆಗ ನೊರೆಯೇಳುವುದು ಸುಣ್ಣದಿಂದ ಬಿಡುಗಡೆಯಾದ ಇಂಗಾಲಾಮ್ಲವಾಯು. ಹುಳಿಯಾದ ರಸದಲ್ಲಿ ಸಸಾರಜನಕವನ್ನು ಕತ್ತರಿಸುವ ಕಿಣ್ವಗಳು ಕೆಲಸಮಾಡಿ ಅದನ್ನೂ ರಸಕ್ಕೆ ಇಳಿಸುತ್ತವೆ. ಕೈಟಿನ್ ಗಸಿಯಾಗಿ ಕೆಳಗೆ ನಿಲ್ಲುತ್ತದೆ. ರಸವನ್ನು ಬಗ್ಗಿಸಿದರೆ ಸಸಾರಜನಕ ಬೇರೆ, ಬಣ್ಣ ಬೇರೆ ದೊರೆಯುತ್ತವೆ. ಸುಣ್ಣವು ಉಗ್ರಾಮ್ಲದಿಂದ ಹೋಗುವಷ್ಟು ಪೂರ್ತಿಯಾಗಿ ಇದರಲ್ಲಿ ಹೋಗುವುದಿಲ್ಲವೆಂಬ ನ್ಯೂನತೆಯನ್ನೂ ಹೇಳಬೇಕು. 2010ರಲ್ಲಿ ಅದೇ ಸಂಸ್ಥೆಯವರು ಸಿಹಿನೀರಿನ ಮೀನಿನ ಕರುಳನ್ನು ಇದೇ ರೀತಿ ಹುಳಿಬರಿಸಿ ಅದರಿಂದ ಎಣ್ಣೆಯನ್ನು ತೆಗೆದ ಪ್ರಯೋಗವನ್ನು ಪ್ರಕಟಿಸಿದರು. ಹಳೆಯ ದೋಣಿಯಲ್ಲಿ ಬಿಸಿಲಿಗೆ ಬಿಟ್ಟ ಬೂತಾಯಿಯನ್ನು ವಾಚಕರು ಇಲ್ಲಿ ನೆನೆಯಬಹುದು: ತೇಲಿ ಬರುವುದು ಅದೇ ಎಣ್ಣೆ, ಆದರೆ ಅಲ್ಲಿ ಕೊಳೆತು ಬಂದುದು ಇಲ್ಲಿ ಹುಳಿತು ಬರುತ್ತದೆ. ಸಮುದ್ರವಿಲ್ಲದ ಆನವಟ್ಟಿಯ ಕೆರೆಗಳ ಮೀನಿಗೆ ಅನ್ವಯಿಸುವುದೂ ಈ ಎರಡನೆಯ ಪ್ರಯೋಗವೇ.

ಕೊಳೆಯುವುದಕ್ಕೂ ಹುಳಿಯುವುದಕ್ಕೂ ಭೇದವೇನೆಂದರೆ, ಕೊಳೆಯುವಾಗ ಜೀವಿಗಳು ಸಸಾರಜನಕವನ್ನೇ ತಿನ್ನುತ್ತವೆ. ಅದರಿಂದ ಅಮೋನಿಯ, ಗಂಧಕದ ದುರ್ವಾಯು ಮೊದಲಾದವು ಹುಟ್ಟುತ್ತವೆ, ರಸವು ಕ್ಷಾರದ ಕಡೆಗೆ ತಿರುಗುತ್ತದೆ, ರೋಗಕಾರಕ ಜೀವಿಗಳಿಗೂ ಎಡೆಯಾಗುತ್ತದೆ. ಹುಳಿಯುವಾಗ ಜೀವಿಗಳು ಸಕ್ಕರೆಯನ್ನು ತಿನ್ನುತ್ತವೆ, ಪಿ.ಎಚ್. ಎಂಬ ಅಳತೆಯು 4.5ಕ್ಕಿಂತ ಕೆಳಗಿಳಿದರೆ ಕೊಳೆಸುವ ಜೀವಿಗಳು ಬಹುಮಟ್ಟಿಗೆ ಬೆಳೆಯಲಾರವು. ಹಾಲಿಗೆ ಸಕ್ಕರೆಯು ಹುಟ್ಟಿನಿಂದಲೇ ಇದೆ, ಆದುದರಿಂದ ಹಾಲು ತಾನೇ ಹುಳಿಯುತ್ತದೆ. ಅಕ್ಕಿ ಉದ್ದುಗಳಲ್ಲಿ ಪಿಷ್ಟವಿದೆ. ಮೀನಿನಲ್ಲಿ ಸಕ್ಕರೆ ಇಲ್ಲವೆನ್ನುವಷ್ಟು ಕಡಿಮೆ. ಅದನ್ನು ಸುಮ್ಮನೆ ಬಿಟ್ಟರೆ ಕೊಳೆಯದೆ ಬೇರೆ ಗತಿಯಿಲ್ಲ. ಚರಕನ ಒಂಬತ್ತು ಯೋನಿಗಳಲ್ಲಿ ಶರ್ಕರೆಯೊಂದನ್ನುಳಿದು ಎಂಟೂ ಸಸ್ಯದ ಅಂಗಗಳೇ ಆಗಿರುವುದಕ್ಕೂ, ಶರ್ಕರೆಗೆ ಪ್ರತ್ಯೇಕವಾದ ಸ್ಥಾನವಿರುವುದಕ್ಕೂ, ಮತ್ಸ್ಯಕ್ಕೆ ಸ್ಥಾನವಿಲ್ಲದಿರುವುದಕ್ಕೂ ಕಾರಣವು ಇದೇ ಎಂದು ನಮ್ಮ ಅಭಿಪ್ರಾಯ. ಆಚಾರ್ಯರು ದ್ರವ್ಯಸ್ವಭಾವವನ್ನು ನೋಡಿ ಎಣಿಸಿದರು. ಮೀನಿಗೆ ಸಕ್ಕರೆಯನ್ನೂ ಹೆಪ್ಪನ್ನೂ ಹೊರಗಿನಿಂದ ಕೊಟ್ಟು ಅದನ್ನು ಸಂಧಾನಕ್ಕೆ ತಕ್ಕದ್ದನ್ನಾಗಿ ಮಾಡಿದುದೇ ಈಗಿನವರ ಹೊಸತನ.

ಇಲ್ಲಿ ಪ್ರತಿಪಕ್ಷದವರಿಗೆ ಸಲ್ಲಬೇಕಾದ ಒಂದು ಮಾತುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಸುರಪಾಲನ ಮಡಕೆಯಲ್ಲಿ ಜೇನೂ ಇದೆ, ನೆನೆದ ಉದ್ದೂ ಇದೆ. ಒಂದು ಸಕ್ಕರೆ, ಇನ್ನೊಂದು ಕೌಟಿಲ್ಯನ ಕಿಣ್ವದಲ್ಲಿಯೂ ನಮ್ಮ ಇಡ್ಲಿಯಲ್ಲಿಯೂ ಹುದುಗುವ ಧಾನ್ಯ. ಮಡಕೆಯನ್ನು ಬೆಚ್ಚಗಿಡಬೇಕೆಂಬ ವಿಧಿಯೂ ಇದೆ. ಇವು ಯದೃಚ್ಛೆಯಿಂದ ಕೂಡಿಬಂದುವೆಂದು ಹೇಳುವುದು ಕಷ್ಟ. ಕೆಲವು ಮಡಕೆಗಳಲ್ಲಿ ಹುಳಿಯೇ ಗೆದ್ದು ಕೊಳೆಯು ಹಿಂಜರಿದಿರಲೂಬಹುದು. ಆದರೆ ಪ್ರಮಾಣವು ಅನಿಯತವೆಂದು ಗ್ರಂಥವೇ ಹೇಳುತ್ತದೆ. ಸಂಧಾನದಲ್ಲಿ ಪ್ರಮಾಣವೇ ಪ್ರಾಣವೆಂಬುದನ್ನು ಅರಿಷ್ಟ ಮಾಡುವ ಯಾವ ವೈದ್ಯನನ್ನು ಕೇಳಿದರೂ ಹೇಳುವನು. ಬೇಯಿಸಿದ ಮೇಲೆ ಹಿಂದಿನ ಮಡಕೆಯ ರಸವನ್ನು ಹೆಪ್ಪಾಗಿ ಬೆರೆಸಬೇಕೆಂಬ ವಿಧಿ ಆ ಪಾಠದಲ್ಲಿಲ್ಲ. ಹುಳಿ ಬಂದಿತೇ ಎಂದು ಪರೀಕ್ಷಿಸುವ ಲಕ್ಷಣವೂ ಇಲ್ಲ; ಆಸವಾರಿಷ್ಟಗಳಲ್ಲಾದರೋ ಸಿದ್ಧಿಲಕ್ಷಣಗಳನ್ನು ವಿಸ್ತಾರವಾಗಿ ಹೇಳುತ್ತಾರೆ. ಎಲ್ಲಕ್ಕೂ ಮಿಗಿಲಾಗಿ ಎಲ್ಲವನ್ನೂ ಒಟ್ಟಾಗಿ ಗಿಡಕ್ಕೆ ಸುರಿಯುವುದೇ ಅದರ ಗುರಿ, ಒಂದೊಂದನ್ನಾಗಿ ವಿಂಗಡಿಸಿ ಪಡೆಯುವುದಲ್ಲ. ಕುಣಪಜಲವನ್ನು ಒಳ್ಳೆಯ ಗೊಬ್ಬರವೆಂದು ಹೊಗಳುವವರೊಡನೆ ನಮಗೆ ಜಗಳವಿಲ್ಲ. ಸಿಗಡಿಯ ಚಿಪ್ಪಿನ ಸಂಧಾನಕ್ಕೆ ಅದನ್ನು ಪಿತಾಮಹನೆಂದು ಕರೆಯುವುದನ್ನು ಮಾತ್ರ ಒಪ್ಪಲಾರೆವು. ಪಿತಾಮಹನನ್ನು ಹುಡುಕಲೇಬೇಕಾದರೆ ಲೋಕೋಪಕಾರದ ವೃಕ್ಷಪ್ರಕರಣವನ್ನು ಬಿಟ್ಟು ಸೂಪಪ್ರಕರಣದಲ್ಲಿ, ಮಜ್ಜಿಗೆಯಲ್ಲಿ ನೆನೆದ ಉದ್ದಿನಲ್ಲಿ ಹುಡುಕುವುದು ಲೇಸು. ಹುಳಿಯನ್ನು ತರುವುದು ಸೂಕ್ಷ್ಮಜೀವಿಯೆಂದು 1857ರಲ್ಲಿ ಪಾಸ್ತರನು ತೋರಿಸುವವರೆಗೆ ಇದನ್ನು ಕಾಣುವುದು ಯಾವ ದೇಶದ ಪಂಡಿತನಿಗೂ ಸಾಧ್ಯವಿರಲಿಲ್ಲ.

ಕೊನೆಗೆ ಪರಿಭಾಷೆಯ ವಿಷಯವಾಗಿ ಒಂದು ಸೂಚನೆ. ಕನ್ನಡದಲ್ಲಿ ವಿಜ್ಞಾನವನ್ನು ಬರೆಯುವವರು ಕಿಣ್ವವೆಂಬ ಪದವನ್ನು ಈಗ ಎನ್‌ಜೈಮಿಗೆ ರೂಢಿಮಾಡಿರುವರು. ಮೇಲೆ ನಾವೂ ಒಂದೆಡೆ ಹಾಗೆಯೇ ಬಳಸಿದ್ದೇವೆ. ಕೌಟಿಲ್ಯನಲ್ಲಿ ಅದರ ಅರ್ಥ ಜೀವಿಗಳನ್ನೊಳಗೊಂಡ ಮೂಲದ್ರವ್ಯ, ಎಂದರೆ ಹೊಸ ಪಿಷ್ಟಕ್ಕೆ ಹಾಕುವ ಬೀಜ. ಪದವು ಒಂದು ಮೆಟ್ಟಿಲು ಕೆಳಗಿಳಿದು, ಜೀವಿಯನ್ನು ಬಿಟ್ಟು ಜೀವಿಯ ಉಪಕರಣವನ್ನು ಹಿಡಿದಿದೆ. ರೂಢಿಯನ್ನು ಈಗ ತಿದ್ದುವುದು ಸಾಧ್ಯವಿಲ್ಲ, ತಿದ್ದಲೂ ಬೇಕಾಗಿಲ್ಲ. ಆದರೆ ಅರ್ಥಶಾಸ್ತ್ರವನ್ನು ಪಾಠಹೇಳುವ ಉಪಾಧ್ಯಾಯರು ಸುರಾಧ್ಯಕ್ಷನ ಅಧ್ಯಾಯಕ್ಕೆ ಬಂದಾಗ ಈ ಭೇದವನ್ನು ಹೇಳದಿದ್ದರೆ, ಕೌಟಿಲ್ಯನಿಗೆ ಎನ್‌ಜೈಮ್ ಗೊತ್ತಿತ್ತೆಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಯಲ್ಲಿ ಬರೆದಾರು. ಪ್ರಯೋಗಶಾಲೆಯವರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ದಾಟಿಸುವ ಜೀವಿಬೀಜಕ್ಕೆ ಕೌಟಿಲ್ಯನ ಹಳೆಯ ಪದವು ಸಿಕ್ಕದೆಂದಾಯಿತು. ಅದಕ್ಕೆ ಹೆಪ್ಪು ಎಂಬ ಅಚ್ಚಗನ್ನಡದ ಮಾತೇ ಸಾಕು. ಮೈಸೂರಿನ ಪ್ರಯೋಗದಲ್ಲಿ ಸಿಗಡಿಯ ಚಿಪ್ಪಿಗೆ ಹಾಕಿದ ಆ ಹೆಪ್ಪಿಗೆ ಸಿ.ಎಫ್.ಆರ್. 2182 ಎಂದು ಸಂಖ್ಯೆ.